ಸಮ್ಮರ್ ಲೀಗ್, ನನ್ನ ನೋಟ್‌ಬುಕ್ ಮತ್ತು 14 ಡಾಲರಿನ ಅಮೆನ್

ನಮ್ಮ ಬಾಸ್ಕೆಟ್‌ಬಾಲ್ ಫ್ಯಾಂಟಸಿ ಲೀಗಿನಲ್ಲಿ ಹನ್ನೆರಡು ಜನ ಇದ್ದೇವೆ. ಅಮೆರಿಕದ ಎನ್‌ಬಿಎ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುತ್ತೇವೆ, ಅವರು ನಿಜವಾದ ಆಟದಲ್ಲಿ ಮಾಡಿದ್ದೇ ನಮ್ಮ ಲೆಕ್ಕ. ನನ್ನನ್ನು ಬಿಟ್ಟು ಉಳಿದ ಹನ್ನೊಂದು ಜನರೂ ವರ್ಷಗಟ್ಟಲೆ ಹೇಳಿದ್ದು ಒಂದೇ ಮಾತು: ಸಮ್ಮರ್ ಲೀಗ್ (ಬೇಸಿಗೆಯಲ್ಲಿ ಎನ್‌ಬಿಎ ತಂಡಗಳು ಹೊಸ ಹುಡುಗರನ್ನು ಆಡಿಸಿ ನೋಡುವ ಪಂದ್ಯಾವಳಿ) ನೋಡಿ ಹುಡುಗರನ್ನು ಆರಿಸಬೇಡ, ಅದು ಬರೀ ಜಾತ್ರೆ. 2025ರ ವಸಂತದಲ್ಲಿ ನಾನು ಲೀಗ್ ಗೆದ್ದೆ. ಗೆಲ್ಲಿಸಿದ್ದು ಸಮ್ಮರ್ ಲೀಗಿನ ಒಂದೇ ಒಂದು ಆಟ ನೋಡಿ ತೆಗೆದುಕೊಂಡ ಹುಡುಗ, ಅಮೆನ್ ಥಾಂಪ್ಸನ್. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮದು ಡೈನಾಸ್ಟಿ ಲೀಗ್, ಅಂದರೆ ಆರಿಸಿದ ಹುಡುಗ ಮುಂದಿನ ವರ್ಷಗಳಿಗೂ ನಮ್ಮ ಬಳಿಯೇ ಉಳಿಯುತ್ತಾನೆ. ರೂಕಿಗಳನ್ನು, ಅಂದರೆ ಹೊಸಬರನ್ನು, ಹರಾಜಿನಲ್ಲಿ ಕೊಳ್ಳುತ್ತೇವೆ. ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ನಾನಿರುವುದು ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ. ಲೀಗಿನವರು ಹೆಚ್ಚಾಗಿ ದಾವಣಗೆರೆಯಲ್ಲಿ ಒಟ್ಟಿಗೆ ಎಂಜಿನಿಯರಿಂಗ್ ಓದಿದವರು, ಹಾಸ್ಟೆಲ್ ಹಿಂದಿನ ಸಿಮೆಂಟ್ ಕೋರ್ಟಿನಲ್ಲಿ ಒಟ್ಟಿಗೆ ಮಂಡಿ ತರಚಿಕೊಂಡವರು. 2012ರಲ್ಲಿ ಶುರು ಮಾಡಿದೆವು. ತಲಾ 150 ಡಾಲರ್, ಗೆದ್ದವನಿಗೆ ಸಾವಿರದ ಮೇಲೆ, ಎರಡನೆಯವನಿಗೆ ಉಳಿದದ್ದು. ಹರಾಜು ಆಗಸ್ಟ್‌ನಲ್ಲಿ. ಅಂದರೆ ಸಮ್ಮರ್ ಲೀಗ್ ಮುಗಿದ ಮೇಲೆ. ಈ ಒಂದು ವಿಷಯದಿಂದಲೇ ನನ್ನ ದುಡ್ಡು ಹೋಗಿದ್ದೂ ಬಂದಿದ್ದೂ.

ಮೊದಲನೇ ವರ್ಷವೇ ಸರಿಯಾದ ಪೆಟ್ಟು ಬಿತ್ತು. 2012ರ ಲಾಸ್ ವೇಗಸ್ ಸಮ್ಮರ್ ಲೀಗಿನಲ್ಲಿ ಎಂವಿಪಿ (ಅತ್ಯುತ್ತಮ ಆಟಗಾರ) ಪ್ರಶಸ್ತಿ ಇಬ್ಬರಿಗೆ ಹಂಚಿಹೋಯಿತು. ಒಬ್ಬ ಡೇಮಿಯನ್ ಲಿಲ್ಲಾರ್ಡ್, ಇನ್ನೊಬ್ಬ ಜಾಶ್ ಸೆಲ್ಬಿ. ಸೆಲ್ಬಿ ಆಟಕ್ಕೆ 24 ಪಾಯಿಂಟ್ ಹೊಡೆದಿದ್ದ, ತ್ರೀ ಪಾಯಿಂಟರ್ (ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್) 42ರಲ್ಲಿ 27 ಒಳಗೆ ಹಾಕಿದ್ದ. ಲಿಲ್ಲಾರ್ಡ್ ದುಬಾರಿಯಾದ, ಸೆಲ್ಬಿ ಅಗ್ಗಕ್ಕೆ ಸಿಕ್ಕ. ಅದೇ ಪ್ರಶಸ್ತಿ, ಅರ್ಧ ಬೆಲೆ ಅಂತ ಖುಷಿಪಟ್ಟೆ. ಆ ಸೀಸನ್ ಮುಗಿಯುವ ಹೊತ್ತಿಗೆ ಸೆಲ್ಬಿ ಎನ್‌ಬಿಎಯಲ್ಲೇ ಇರಲಿಲ್ಲ.

ಅಲ್ಲಿಂದ ಉಲ್ಟಾ ತಪ್ಪಿಗೆ ಹೋದೆ. ಚೆನ್ನಾಗಿ ಶೂಟ್ ಮಾಡಿದವನನ್ನು ನಂಬಬಾರದು ಅಂತ ಕಲಿತವನು, ಕೆಟ್ಟದಾಗಿ ಶೂಟ್ ಮಾಡಿದವನನ್ನು ಮಾತ್ರ ನಂಬಿಬಿಟ್ಟೆ. 2018ರಲ್ಲಿ ಟ್ರೇ ಯಂಗ್ ನನ್ನ ಪಟ್ಟಿಯ ಮೊದಲ ಹೆಸರು. ಸಾಲ್ಟ್ ಲೇಕ್ ಸಿಟಿಯಲ್ಲಿ ಮೊದಲ ಆಟ: 20 ಶಾಟಿಗೆ 4, ತ್ರೀ ಪಾಯಿಂಟರ್ 11ಕ್ಕೆ 1. ಅವತ್ತು ರಾತ್ರಿಯೇ ಹೆಸರು ಹೊಡೆದುಹಾಕಿದೆ. ಎರಡೇ ವರ್ಷದಲ್ಲಿ ಅವನು ಆಲ್ ಸ್ಟಾರ್ ಆಟದಲ್ಲಿ ಸ್ಟಾರ್ಟರ್. ಆ ದಿನದ ರೆಕಾರ್ಡಿಂಗ್ ಆಮೇಲೆ ನಾಲ್ಕು ಸಲ ನೋಡಿದ್ದೇನೆ. ಶಾಟ್ ಬೀಳಲಿಲ್ಲ, ನಿಜ. ಆದರೆ ಹುಡುಗ ಶಾಟ್ ಹೊಡೆಯುವುದನ್ನು ನಿಲ್ಲಿಸಲಿಲ್ಲ, ಪಾಸ್ ಕೊಡುವ ಕಣ್ಣೂ ಮಂಕಾಗಲಿಲ್ಲ. ನಾನು ನೋಡಿದ್ದು ಬಾಸ್ಕೆಟ್ಟನ್ನು, ಅವನನ್ನಲ್ಲ.

ಐದಾರು ಆಟದಲ್ಲಿ ಒಬ್ಬ ಹೊಡೆಯುವ ತ್ರೀ ಪಾಯಿಂಟರ್ ಹೆಚ್ಚೆಂದರೆ ಮೂವತ್ತು, ನಲವತ್ತು. ಅಷ್ಟರಲ್ಲಿ ನಾಲ್ಕು ಚೆಂಡು ರಿಂಗಿಗೆ ತಾಗಿ ಹೊರಗೆ ಬಿದ್ದರೆ ಒಬ್ಬ ಒಳ್ಳೆ ಶೂಟರ್ ದಂಡಪಿಂಡದ ಹಾಗೆ ಕಾಣುತ್ತಾನೆ. ಹಾಗಾಗಿ ಈಗ ಒಳಗೆ ಬಿದ್ದದ್ದನ್ನು ನಾನು ಬರೆಯುವುದೇ ಇಲ್ಲ. ಎಷ್ಟು ಹೊಡೆದ ಅಂತ ಬರೆಯುತ್ತೇನೆ. ಎರಡು ಮಿಸ್ ಆದ ಮೇಲೆ ಮೂರನೆಯದನ್ನು ಹಿಂಜರಿಯದೆ ಹೊಡೆದನಾ ಅಂತ ಬರೆಯುತ್ತೇನೆ. ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ ಶಾಟ್) ಲೈನಿಗೆ ಎಷ್ಟು ಸಲ ಹೋದ ಅಂತ ಬರೆಯುತ್ತೇನೆ, ಯಾಕೆಂದರೆ ಮೈಗೆ ಮೈ ತಾಗಿಸಿ ಒಳಗೆ ನುಗ್ಗುವ ಗುಣ ಅಕ್ಟೋಬರ್‌ನಲ್ಲಿ ನಿಜವಾದ ಸೀಸನ್ ಶುರುವಾದಾಗಲೂ ಹಾಗೇ ಇರುತ್ತದೆ.

ನನ್ನ ನೋಟ್‌ಬುಕ್ಕಿನ ಮುಖ್ಯ ಕಾಲಂ "ಬೆರಳು". ಎದುರಾಳಿ ಹತ್ತಿರ ಇರುವ ಚೆಂಡಿಗೆ ಇವನ ಬೆರಳು ಎಷ್ಟು ಸಲ ತಾಗಿತು ಅನ್ನುವ ಲೆಕ್ಕ. ಸ್ಟೀಲ್ (ಚೆಂಡು ಕಸಿಯುವುದು), ಬ್ಲಾಕ್ (ಶಾಟ್ ತಡೆಯುವುದು) ಎರಡೂ ಇದರಲ್ಲಿ ಬಂತು. ಪಾಸ್ ದಿಕ್ಕು ತಪ್ಪಿಸಿದ್ದು, ಡ್ರಿಬಲ್ ಮಧ್ಯೆ ಕೈ ಹಾಕಿ ಬೀಳಿಸಿದ್ದೂ ಸೇರುತ್ತದೆ. ಆಟ 40 ನಿಮಿಷದ್ದು. ಅಷ್ಟರಲ್ಲಿ ಆರು, ಏಳು ಗೆರೆ ಬಿದ್ದರೆ ಹುಡುಗನನ್ನು ಬಿಡಬಾರದು. ಒಂದು ಎಚ್ಚರಿಕೆ. ಸಮ್ಮರ್ ಲೀಗಿನಲ್ಲಿ ಹತ್ತು ಫೌಲ್ ಆಗುವ ತನಕ ಆಡಬಹುದು. ಅದಕ್ಕೇ ಹುಡುಗರು ಕಂಡಕಂಡಲ್ಲಿ ಕೈ ಚಾಚುತ್ತಾರೆ. ಎರಡು ಫೌಲಿಗೆ ಒಂದು ಗೆರೆ ಕಳೆಯುತ್ತೇನೆ. ಮೊದಲು ಕಳೆಯುತ್ತಿರಲಿಲ್ಲ, ಮೋಸಹೋದೆ.

ಇನ್ನೊಂದು ಮೋಸ ವಯಸ್ಸಿನದು. 2021ರಲ್ಲಿ ಸಮ್ಮರ್ ಲೀಗ್ ಆಗಸ್ಟ್‌ನಲ್ಲಿ ನಡೆಯಿತು. ಸ್ಯಾಕ್ರಮೆಂಟೊ ತಂಡದಲ್ಲಿ ನಮ್ಮ ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ ಇದ್ದ. ಅವನಿಗಾಗಿಯೇ ಒಂದು ಆಟವನ್ನೂ ಬಿಡದೆ ನೋಡಿದೆ. ಆಡಲು ಸಿಕ್ಕಿದ್ದು ಕೆಲವೇ ನಿಮಿಷ, ಆದರೆ ತಂಡ ಚಾಂಪಿಯನ್ ಆಯಿತು. ನಾನು ಸೋಫಾದಿಂದ ಎದ್ದು ನಿಂತೇ ಚಪ್ಪಾಳೆ ಹೊಡೆದೆ. ಹಾಗೆ ನೋಡುತ್ತಾ ನೋಡುತ್ತಾ ಅದೇ ತಂಡದ ಡೇವಿಯನ್ ಮಿಚೆಲ್ ಮೇಲೆ ಕಣ್ಣು ಬಿತ್ತು. ಬೆರಳಿನ ಕಾಲಂ ತುಂಬಿ ತುಳುಕುತ್ತಿತ್ತು. ಆ ವರ್ಷದ ಎಂವಿಪಿಗಳಲ್ಲಿ ಅವನೂ ಒಬ್ಬ. 27 ಡಾಲರ್ ಸುರಿದೆ (ಹರಾಜಿನ ಲೆಕ್ಕದ ಡಾಲರ್, ತಲಾ 200 ಇರುತ್ತದೆ). ಅವನು ಒಳ್ಳೆಯ ಡಿಫೆಂಡರ್, ಇವತ್ತಿಗೂ ಎನ್‌ಬಿಎಯಲ್ಲಿದ್ದಾನೆ. ಆದರೆ ಆಗಲೇ ಅವನಿಗೆ 23 ಆಗುವುದರಲ್ಲಿತ್ತು. ಎದುರಿಗಿದ್ದ ಎಷ್ಟೋ ಹುಡುಗರು 19, 20ರವರು. ಅಣ್ಣ ತಮ್ಮಂದಿರ ಜೊತೆ ಆಡಿದ ಹಾಗೆ ಅಲ್ವಾ? ಈಗ 22 ದಾಟಿದವನ ಗೆರೆಗಳನ್ನು ಅರ್ಧ ಮಾಡುತ್ತೇನೆ. ಎರಡನೇ ವರ್ಷ ಬಂದವರು ಚೆನ್ನಾಗಿ ಆಡಿದರೆ ಏನೂ ಬರೆಯುವುದಿಲ್ಲ. ಆಡದಿದ್ದರೆ ಮಾತ್ರ ಕೆಂಪು ಪೆನ್ನು.

ಮೂರನೇ ಕಾಲಂ ನನ್ನದಲ್ಲ, ನನ್ನ ಹೆಂಡತಿಯದು. ಅವಳು ಹಾಸನದ ಕಡೆಯವಳು, ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟಕ್ಕೆ ಖೋ ಖೋ ಆಡಿದವಳು. ಬಾಸ್ಕೆಟ್‌ಬಾಲ್ ಅವಳಿಗೆ ಅಷ್ಟಕ್ಕಷ್ಟೇ. 2022ರಲ್ಲಿ ಸುಮ್ನೆ ಜೊತೆಗೆ ಬಂದಳು. ವೇಗಸ್‌ನ ಯುಎನ್‌ಎಲ್‌ವಿ ಕ್ಯಾಂಪಸ್ಸಿನಲ್ಲಿ ಎರಡು ಅಂಗಣ ಪಕ್ಕಪಕ್ಕದಲ್ಲೇ ಇವೆ: ದೊಡ್ಡ ಥಾಮಸ್ ಅಂಡ್ ಮ್ಯಾಕ್, ಚಿಕ್ಕ ಕಾಕ್ಸ್ ಪೆವಿಲಿಯನ್. ಒಂದೇ ಟಿಕೆಟ್ಟಿನಲ್ಲಿ ಇಡೀ ದಿನ ಎರಡರಲ್ಲೂ ಓಡಾಡಬಹುದು. ಜನ ದೊಡ್ಡದರ ಕಡೆ ಹೋಗುತ್ತಾರೆ, ನಾನು ಚಿಕ್ಕದರಲ್ಲಿ ಕೂರುತ್ತೇನೆ. ಅಲ್ಲಿ ಶೂ ಕಿರ್ ಅನ್ನುವುದು ಕೇಳುತ್ತದೆ, ಯಾರು ಯಾರಿಗೆ "ಸ್ಕ್ರೀನ್ ಬಂತು" ಅಂತ ಕೂಗಿದರು ಅನ್ನುವುದೂ ಕೇಳುತ್ತದೆ. ಮಧ್ಯಾಹ್ನದ ಆಟ, ಹೆಸರಿಲ್ಲದ ಇಬ್ಬರು ಗಾರ್ಡ್‌ಗಳು (ಚೆಂಡು ನಡೆಸುವವರು, ಸಾಮಾನ್ಯವಾಗಿ ತಂಡದಲ್ಲಿ ಎತ್ತರ ಕಡಿಮೆ ಇರುವವರು). ಅವಳು ಡಬ್ಬಿ ತೆಗೆದು ಪುಳಿಯೋಗರೆ ಕೊಡುತ್ತಾ ಹೇಳಿದಳು: "ರೀ, ಆ ಹುಡುಗ ನೋಡಿ, ಚೆಂಡು ಕೊಟ್ಟ ತಕ್ಷಣ ಎಲ್ಲಿಗೋ ಓಡ್ತಾನೆ. ಈ ಕಡೆಯವನು ಕೊಟ್ಟು ನಿಂತೇಬಿಡ್ತಾನೆ. ಖೋ ಕೊಟ್ಟು ಅಲ್ಲೇ ನಿಂತರೆ ನಮ್ಮ ಮೇಷ್ಟ್ರು ಬೆನ್ನಿಗೆ ಬಾರಿಸ್ತಿದ್ರು."

ಉಳಿದ ಆಟವಿಡೀ ನಾನು ಅದನ್ನೇ ಎಣಿಸಿದೆ. ಪಾಸ್ ಕೊಟ್ಟ ಮೇಲಿನ ಮೂರು ಸೆಕೆಂಡ್. ಜಾಗ ಬದಲಿಸಿದರೆ ಒಂದು ಗೆರೆ, ನಿಂತರೆ ಸೊನ್ನೆ. ಕಾಲಂ ಹೆಸರು "ಕೊಟ್ಟ ಮೇಲೆ". ಹತ್ತು ವರ್ಷ ಸಮ್ಮರ್ ಲೀಗ್ ನೋಡಿದ ನನಗೆ ಹೊಳೆಯದಿದ್ದದ್ದು ಅವಳಿಗೆ ಇಪ್ಪತ್ತು ನಿಮಿಷದಲ್ಲಿ ಕಂಡಿತು.

ಮಧ್ಯೆ ಬೇರೆ ಪ್ರಯೋಗವನ್ನೂ ಮಾಡಿದೆ. ಕಾಮೆಂಟರಿ ಮ್ಯೂಟ್ ಮಾಡಿ ನೋಡಿದ್ದು ಒಳ್ಳೆಯದಾಯಿತು, ಈಗಲೂ ಹಾಗೇ ನೋಡುತ್ತೇನೆ. ಬೆಂಚಿನಲ್ಲಿ ಕೂತಾಗ ಹುಡುಗ ಏನು ಮಾಡುತ್ತಾನೆ ಅಂತ ಒಂದು ಇಡೀ ಬೇಸಿಗೆ ಬರೆದೆ. ಅದರಿಂದ ಏನೂ ಸಿಗಲಿಲ್ಲ. ಊರಿಗೆ ಬಂದಾಗ ಬೆಂಗಳೂರಿನ ಕಂಠೀರವದ ಕೋರ್ಟಿನಲ್ಲಿ ಅಣ್ಣನ ಮಗನ ವಯಸ್ಸಿನ ಹುಡುಗರ ಮೇಲೂ ಎರಡು ಸಂಜೆ ಇದೇ ಕಾಲಂ ಹಾಕಿದೆ. ಹದಿನಾಲ್ಕು ವರ್ಷದವರ ಮೇಲೆ "ಬೆರಳು" ನಡೆಯುವುದಿಲ್ಲ, ಎತ್ತರ ಇದ್ದವನಿಗೇ ಎಲ್ಲ ಗೆರೆ ಹೋಗುತ್ತದೆ. ಆದರೆ "ಕೊಟ್ಟ ಮೇಲೆ" ಅಲ್ಲೂ ನಡೆಯಿತು. ಇದನ್ನು ಯಾರಾದರೂ ಕೋಚ್ ಮುಂದುವರಿಸಿದರೆ ನನಗೆ ತುಂಬಾ ಸಂತೋಷ.

ಈಗ ಅಮೆನ್ ವಿಷಯ. 2023ರ ಜುಲೈ 7. ವಿಕ್ಟರ್ ವೆಂಬನ್ಯಾಮನ ಮೊದಲ ಆಟ ಅಂತ ಥಾಮಸ್ ಅಂಡ್ ಮ್ಯಾಕ್ ಭರ್ತಿ, ಸುಮಾರು 17,500 ಜನ. ಫೀನಿಕ್ಸ್‌ನಿಂದ ಐದು ಗಂಟೆ ಡ್ರೈವ್. ಕಿಂಗ್‌ಮನ್ ದಾಟಿದ ಮೇಲೆ ಕಾರಿನ ಎಸಿಗೂ ಸುಸ್ತು. ಟಿಕೆಟ್, ಪೆಟ್ರೋಲ್, ರೂಮು ಸೇರಿ 450 ಡಾಲರ್ ಹತ್ತಿರ ಆಯಿತು. ವೆಂಬನ್ಯಾಮ 13 ಶಾಟಿಗೆ 2 ಹಾಕಿದ. ಸುತ್ತಲಿದ್ದವರು ತಲೆ ಅಲ್ಲಾಡಿಸಿದರು. ನನ್ನ ಪುಟದಲ್ಲಿ ಐದು ಬ್ಲಾಕ್ ಇತ್ತು, ನಾನು ನಿಶ್ಚಿಂತೆಯಿಂದಿದ್ದೆ. ಎರಡು ದಿನ ಬಿಟ್ಟು ಅವನು 27 ಪಾಯಿಂಟ್ ಹೊಡೆದ.

ಆದರೆ ನನ್ನ ಹುಡುಗ ಅವನಲ್ಲ. ಅದೇ ದಿನ ಹ್ಯೂಸ್ಟನ್, ಪೋರ್ಟ್‌ಲ್ಯಾಂಡ್ ಆಟವೂ ಇತ್ತು. ಜಬಾರಿ ಸ್ಮಿತ್ ಕೊನೇ ಕ್ಷಣದಲ್ಲಿ ತ್ರೀ ಪಾಯಿಂಟರ್ ಹೊಡೆದು 100-99ಕ್ಕೆ ಗೆಲ್ಲಿಸಿದ, ಎಲ್ಲರಿಗೂ ಅದೇ ನೆನಪು. ನಾನು ನೋಡುತ್ತಿದ್ದದ್ದು ಅಮೆನ್ ಥಾಂಪ್ಸನ್‌ನನ್ನು. 16 ಪಾಯಿಂಟ್, 5 ಅಸಿಸ್ಟ್ (ಪಾಯಿಂಟ್ ತಂದುಕೊಡುವ ಪಾಸ್), 3 ಸ್ಟೀಲ್, 4 ಬ್ಲಾಕ್. ಸ್ಕೋರ್‌ಶೀಟಿನಲ್ಲೇ ಏಳು ಬೆರಳು. ಗಾರ್ಡ್ ಒಬ್ಬನಿಗೆ ನಾಲ್ಕು ಬ್ಲಾಕ್! ಪಾಸ್ ಕೊಟ್ಟು ನಿಲ್ಲುವ ಜಾಯಮಾನವೇ ಅವನದಲ್ಲ. ಕೊನೆಯಲ್ಲಿ ಕಾಲು ಉಳುಕಿ ಹೊರಗೆ ಹೋದ. ಅವನ ಸಮ್ಮರ್ ಲೀಗ್ ಅಲ್ಲಿಗೇ ಮುಗಿಯಿತು.

ಅವನು ಹೋದ ಮೇಲೆ ಅದೇ ತಂಡದ ಕ್ಯಾಮ್ ವಿಟ್ಮೋರ್ ಆಟಕ್ಕೆ 19 ಪಾಯಿಂಟ್ ಹೊಡೆದು ಎಂವಿಪಿ ಆದ. ನಮ್ಮ ಹರಾಜಿನಲ್ಲಿ ವಿಟ್ಮೋರ್‌ಗೆ 31 ಡಾಲರ್ ಹೋಯಿತು. ಅಮೆನ್ 14ಕ್ಕೆ ಸಿಕ್ಕ. ನಿಜ ಹೇಳಬೇಕೆಂದರೆ ವಯಸ್ಸಿನಲ್ಲಿ ವಿಟ್ಮೋರ್ ಚಿಕ್ಕವನು, ಬೆರಳಿನ ಕಾಲಂ ಕೂಡ ಚೆನ್ನಾಗಿಯೇ ಇತ್ತು. ಆದರೆ ಅವನ ಕೈಗೆ ಹೋದ ಚೆಂಡು ವಾಪಸ್ ಬರುವುದೇ ಅಪರೂಪ. "ಕೊಟ್ಟ ಮೇಲೆ" ಬರೆಯಬೇಕಾದರೆ ಮೊದಲು ಕೊಡಬೇಕಲ್ಲ. ಇಬ್ಬರ ನಡುವೆ ನಿರ್ಧಾರ ಮಾಡಿದ್ದು ಆ ಒಂದು ಕಾಲಂ, ಮತ್ತೆ ನಾಲ್ಕನೆಯದು ಇನ್ನೊಂದು. ಆ ನಾಲ್ಕನೆಯದನ್ನು ಇಲ್ಲಿ ಬರೆಯುವುದಿಲ್ಲ. ಟೈಮ್ ಔಟ್ ಮುಗಿದು ಕೋರ್ಟಿಗೆ ಮರಳುವಾಗ ನೋಡಬೇಕಾದ್ದು ಅಂತ ಮಾತ್ರ ಹೇಳಬಲ್ಲೆ.

ಹರಾಜು ಮುಗಿದ ತಕ್ಷಣ ದಾವಣಗೆರೆಯ ಗೆಳೆಯ ಫೋನ್ ಮಾಡಿದ. "ಲೇ, ಒಂದ್ ಆಟ ನೋಡಿ ತಗೊಂಡ್ಯಾ? ಅವನಿಗೆ ಶೂಟ್ ಮಾಡಾಕ ಬರಂಗಿಲ್ಲ, ಕಾಲು ಬ್ಯಾರೆ ಉಳುಕೈತಿ." ಸೀಸನ್ ಶುರುವಾದ ಮೊದಲ ವಾರವೇ ಅಮೆನ್ ಮತ್ತೆ ಕಾಲು ಉಳುಕಿಸಿಕೊಂಡು ತಿಂಗಳ ಮೇಲೆ ಕೂತ. ಆ ಡಿಸೆಂಬರ್ ನನಗೆ ಕಷ್ಟವಾಯಿತು. ಇಬ್ಬರು ಅವನನ್ನು ಕೇಳಿದರು, ನಾನು ಕೊಡಲಿಲ್ಲ. 2024-25ರಲ್ಲಿ ಅವನು ಆಟಕ್ಕೆ 14 ಪಾಯಿಂಟ್, 8 ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯುವುದು), ಸ್ಟೀಲ್ ಬ್ಲಾಕ್ ಎರಡೂ ಒಂದರ ಮೇಲೆ ಕೊಟ್ಟ. ಆಲ್ ಡಿಫೆನ್ಸಿವ್ ಮೊದಲ ತಂಡದಲ್ಲಿ (ವರ್ಷದ ಅತ್ಯುತ್ತಮ ಡಿಫೆಂಡರ್‌ಗಳ ಪಟ್ಟಿ) ಹೆಸರು ಬಂತು. ನನಗೆ 1,100 ಡಾಲರ್ ಬಂತು. ಹದಿಮೂರು ವರ್ಷ ಕಟ್ಟಿದ್ದು ಸುಮಾರು 1,950, ವೇಗಸ್ ಪ್ರಯಾಣಗಳ ಖರ್ಚು ಬೇರೆ. ದುಡ್ಡಿನ ಲೆಕ್ಕದಲ್ಲಿ ಇನ್ನೂ ಹಿಂದಿದ್ದೇನೆ. ಆಟಗಾರರನ್ನು ಗುರುತಿಸುವುದರಲ್ಲಿ ನಮ್ಮ ಹನ್ನೆರಡು ಜನರಲ್ಲಿ ಮುಂದಿದ್ದೇನೆ, ಅದನ್ನು ಧೈರ್ಯವಾಗಿ ಹೇಳುತ್ತೇನೆ.

2025ರ ಜುಲೈ 10ರಂದು ಆ ವರ್ಷದ ಹೊಸಬ ಕೂಪರ್ ಫ್ಲ್ಯಾಗ್ ವೇಗಸ್‌ನಲ್ಲಿ ಮೊದಲ ಆಟ ಆಡಿದ. 21 ಶಾಟಿಗೆ 5. ಆಟ ಮುಗಿದು ಹತ್ತು ನಿಮಿಷ ಆಗಿರಲಿಲ್ಲ, ಅದೇ ದಾವಣಗೆರೆಯ ಗೆಳೆಯನ ಫೋನ್. ಶೂಟಿಂಗ್ ಬಗ್ಗೆ ಒಂದು ಮಾತೂ ಇಲ್ಲ.

"ಲೇ, ಅವನ ಬೆರಳು ಎಷ್ಟಾತು?"