ಬಟ್ಟೆ ಹೇಳಿದಂತೆ ಕತ್ತರಿ: 14ನೇ ಶತಮಾನದ ನಿಲುವಂಗಿಯೊಂದನ್ನು ಹೊಲಿದ ನನ್ನ ಅನುಭವ

ರಂಗಭೂಮಿಗೆ ಉಡುಪು ಹೊಲಿಯುವುದು ನನ್ನ ವೃತ್ತಿ. ಮಧ್ಯಯುಗದ ಯುರೋಪಿನಲ್ಲಿ ನಡೆಯುವ ನಾಟಕವೆಂದರೆ, ಸ್ಯಾಟಿನ್ ಜುಬ್ಬಕ್ಕೆ ಜರಿಪಟ್ಟಿ ಹಚ್ಚಿ ನಡುವಿಗೊಂದು ಬೆಲ್ಟ್ ಬಿಗಿದು ಕಳುಹಿಸುವುದು ನಮ್ಮಲ್ಲಿ ವಾಡಿಕೆ; ರಾಜನಿಗೂ ಅದೇ, ಉಳುವವನಿಗೂ ಅದೇ. ಇಂಥದೊಂದು ನಾಟಕದ ರೈತನ ಪಾತ್ರಕ್ಕೆ ಆ ಕಾಲದವರು ಕತ್ತರಿಸುತ್ತಿದ್ದ ಕ್ರಮದಲ್ಲೇ ಉಣ್ಣೆಯ ನಿಲುವಂಗಿಯೊಂದನ್ನು ಕತ್ತರಿಸಿ, ಯಂತ್ರ ಮುಟ್ಟದೆ ಕೈಯಲ್ಲೇ ಹೊಲಿಯಲು ನಿರ್ಧರಿಸಿದೆ.

ಬಡವರ ಬಟ್ಟೆ ಹರಿಯುವವರೆಗೂ ಬಳಕೆಯಾಗುವುದರಿಂದ ಅದು ಉಳಿದಿರುವುದೇ ಅಪರೂಪ. 1936ರಲ್ಲಿ ಸ್ವೀಡನ್ನಿನ ವಾರ್ಬೆರ್ಗ್ ಬಳಿಯ ಜೌಗು ನೆಲದಲ್ಲಿ ಸಿಕ್ಕ, ‘ಬಾಕ್‌ಸ್ಟೆನ್ ಮನುಷ್ಯ’ ಎಂದು ಕರೆಯಲಾಗುವ ಮಧ್ಯಯುಗದ ಶವದ ಮೈಮೇಲೆ ನಿಲುವಂಗಿ, ಹೊದಿಕೆ, ಉದ್ದ ಬಾಲದ ಕುಲಾವಿ, ಕಾಲುಚೀಲಗಳು ಎಲ್ಲವೂ ಇದ್ದವು. ಅದಕ್ಕೂ ಮೊದಲು, 1921ರಲ್ಲಿ, ಡೆನ್ಮಾರ್ಕಿನ ಪುರಾತತ್ತ್ವಜ್ಞ ಪೌಲ್ ನರ್ಲುಂಡ್ ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಚರ್ಚಿನ ಸ್ಮಶಾನವನ್ನು ಅಗೆಸಿದಾಗ, ಶವಗಳಿಗೆ ಸುತ್ತಿದ್ದ ದಿನಬಳಕೆಯ ಉಡುಪುಗಳು ಹೆಪ್ಪುಗಟ್ಟಿದ ಮಣ್ಣಿನಿಂದ ಹೊರಬಂದವು. ಜೌಗಿನ ಆಮ್ಲ ಉಣ್ಣೆಯನ್ನು ಉಳಿಸಿ ಅಗಸೆ ನಾರನ್ನು ಕರಗಿಸಿಬಿಡುವುದರಿಂದ, ಒಳಗೆ ತೊಡುತ್ತಿದ್ದ, ಅದೇ ನಾರಿನ ಲಿನನ್ ಅಂಗಿಗಿಂತ ಮೇಲಿನ ಉಣ್ಣೆಯಂಗಿಯ ವಿಷಯದಲ್ಲಿ ನಮಗೆ ಆಧಾರ ಹೆಚ್ಚು.

ಈ ಉಡುಪುಗಳ ನಕ್ಷೆಗಳನ್ನು ನೋಡುತ್ತ ಹೋದಂತೆ ನನಗೆ ಸ್ಪಷ್ಟವಾದದ್ದು ಒಂದೇ ವಿಷಯ. ನಾವು ಇಂದು ದೇಹದ ಅಳತೆ ಹಿಡಿದು ಬಟ್ಟೆಯನ್ನು ದೇಹದ ಆಕಾರಕ್ಕೆ ಕತ್ತರಿಸುತ್ತೇವೆ. ಅವರು ಮಗ್ಗದಿಂದ ಇಳಿದ ಬಟ್ಟೆಯ ಅಗಲವನ್ನು ಹಿಡಿದು ಲೆಕ್ಕ ಹಾಕುತ್ತಿದ್ದರು. ಕುರಿಯ ತುಪ್ಪಟ ಕತ್ತರಿಸಿ, ಹಿಂಜಿ, ಕದಿರಿನಲ್ಲಿ ನೂತು, ನೇಯ್ದು ಪಡೆದ ಬಟ್ಟೆಯಲ್ಲಿ ಗೇಣಗಲದ ಚೂರು ವ್ಯರ್ಥವಾದರೂ ಅದು ಎಷ್ಟೋ ದಿನಗಳ ದುಡಿಮೆ. ಆದುದರಿಂದಲೇ ಆಯತ, ಚೌಕ, ತ್ರಿಕೋನಗಳಿಗೆ ಅಲ್ಲಿ ಅಷ್ಟು ಪ್ರಾಧಾನ್ಯ. ಅದೇ ಶತಮಾನದ ಸಿರಿವಂತರ ಮಾತು ಬೇರೆ: 1364ರಲ್ಲಿ ಯುದ್ಧದಲ್ಲಿ ಮಡಿದ ಚಾರ್ಲ್ಸ್ ಆಫ್ ಬ್ಲೋಯಿಸ್‌ನದೆಂದು ಹೇಳಲಾಗುವ, ಈಗ ಫ್ರಾನ್ಸಿನ ಲಿಯಾನ್‌ನಲ್ಲಿರುವ ಮೇಲಂಗಿಯ ತೋಳಿನ ಸುತ್ತು ಎದೆ, ಬೆನ್ನುಗಳವರೆಗೂ ದುಂಡಗೆ ಚಾಚಿಕೊಂಡಿದೆ, ಅಂಥ ಕತ್ತರಿಕೆಯಲ್ಲಿ ಬಟ್ಟೆ ಧಾರಾಳವಾಗಿ ಪೋಲಾಗುತ್ತದೆ.

ಬಟ್ಟೆಗಾಗಿ ಮೊದಲು ನಮ್ಮ ಕಂಬಳಿಯನ್ನೇ ಪರಿಶೀಲಿಸಿದೆ. ಆದರೆ ಅದು ಸಾದಾ ನೇಯ್ಗೆ, ಮೇಲಾಗಿ ಹುಣಸೆಬೀಜದ ಗಂಜಿಯಿಂದ ಸೆಟೆದಿರುತ್ತದೆ. ಹೆರ್ಯೋಲ್ಫ್ಸ್‌ನೆಸ್‌ನ ಬಟ್ಟೆಗಳಲ್ಲಿ ಹೆಚ್ಚಿನವು ಓರೆಗೆರೆ ಮೂಡುವ ಟ್ವಿಲ್ ನೇಯ್ಗೆಯವಾದ್ದರಿಂದ, 150 ಸೆಂ.ಮೀ. ಅಗಲದ ಉಣ್ಣೆಯ ಟ್ವಿಲ್ ಕೊಂಡು, ಬಿಸಿನೀರಿನಲ್ಲಿ ನೆನೆಸಿ ತುಳಿದು ಒಣಗಿಸಿದೆ. ಹೀಗೆ ತುಳಿದ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ.

ಎದೆ ಸುತ್ತಳತೆ 96 ಸೆಂ.ಮೀ. ಇರುವ ನಟನಿಗೆ ಕತ್ತರಿಸಿದ ಕ್ರಮ ಹೀಗಿದೆ. 220 ಸೆಂ.ಮೀ. ಉದ್ದದ ಬಟ್ಟೆಯಲ್ಲಿ 56 ಸೆಂ.ಮೀ. ಅಗಲದ ಒಂದು ಪಟ್ಟಿಯನ್ನು ಉದ್ದಕ್ಕೂ ತೆಗೆದು ನಡುವೆ ಮಡಿಸಿದರೆ ಹಿಂದು-ಮುಂದು ಎರಡೂ ಸಿಗುತ್ತವೆ, ಭುಜಕ್ಕೆ ಹೊಲಿಗೆಯೇ ಬೇಡ. ಉಳಿದ 94 ಸೆಂ.ಮೀ. ಅಗಲದಲ್ಲಿ ಎರಡು ತೋಳುಗಳನ್ನು ಪಕ್ಕಪಕ್ಕದಲ್ಲಿ ಬಿಡಿಸಿದೆ. ಅವುಗಳ ಕೆಳಗೆ 92 ಸೆಂ.ಮೀ. ಅಗಲ, 65 ಸೆಂ.ಮೀ. ಎತ್ತರದ ಆಯತದಲ್ಲಿ, ಕಲಿದಾರ್ ಕುರ್ತಾ ಹೊಲಿದವರಿಗೆ ಪರಿಚಿತವಾದ ‘ಕಲಿ’ಗಳನ್ನು, ಅಂದರೆ ಘೇರು ಕೊಡುವ ತ್ರಿಕೋನಗಳನ್ನು, ಒಂದು ನೆಟ್ಟಗೆ ಒಂದು ತಲೆಕೆಳಗಾಗಿ ಜೋಡಿಸಿದೆ. ಮೂರು ಇಡೀ ತ್ರಿಕೋನಗಳು ದೊರೆತು, ಎರಡು ತುದಿಗಳಲ್ಲಿ ಎರಡು ಅರೆ ತ್ರಿಕೋನಗಳು ಉಳಿಯುತ್ತವೆ. ಅವುಗಳ ನೇರ ಅಂಚುಗಳನ್ನು ಕೂಡಿಸಿದರೆ ನಾಲ್ಕನೆಯ ಕಲಿಯೂ ಸಿದ್ಧ. ಈ ಜೋಡು ಕಲಿಯನ್ನು ನಾನು ಬೆನ್ನಿನ ಕಡೆಗೆ ಹಾಕಿದೆ. ಕಂಕುಳಿಗೆ 14 ಸೆಂ.ಮೀ. ಚೌಕದ ಎರಡು ತುಂಡುಗಳು ಬೇಕು. ಅವಿಲ್ಲದಿದ್ದರೆ ತೋಳೆತ್ತಿದಾಗ ಇಡೀ ಅಂಗಿಯೇ ಮೇಲೇರುತ್ತದೆ, ಕುಡುಗೋಲು ಹಿಡಿಯುವವನಿಗೆ ಅದು ಆಗದ ಮಾತು.

ಹೊಲಿಗೆಗೆ ಜೇನುಮೇಣ ಸವರಿದ ಲಿನನ್ ದಾರವನ್ನು ಬಳಸಿದೆ. ದಾರ ಮೊಳಕ್ಕಿಂತ ಉದ್ದವಾದರೆ ಉಣ್ಣೆಯಲ್ಲಿ ಎಳೆದೆಳೆದು ಸವೆಯುತ್ತದೆ. ಉದ್ದನೆಯ ಹೊಲಿಗೆಗಳಿಗೆ ಸಾದಾ ಟಾಕು ಸಾಕು, ಜಗ್ಗುವ ಕಡೆ ಮಾತ್ರ ಹಿಂದಕ್ಕೆ ಮರಳಿ ಹಾಕುವ ಬ್ಯಾಕ್‌ಸ್ಟಿಚ್. ತಾಳ್ಮೆ ಬೇಡುವ ಜಾಗವೆಂದರೆ ಮುಂಭಾಗದ ನಡುವಿನ ಕಲಿ. ಕೆಳಅಂಚಿನಿಂದ ಸೊಂಟದವರೆಗೆ ಸೀಳಿದ ಬಟ್ಟೆಯೊಳಗೆ ತ್ರಿಕೋನದ ಮೊನೆಯನ್ನು ಕೂರಿಸುವಾಗ, ಸೀಳಿನ ತುದಿಯಲ್ಲಿ ಹೊಲಿಗೆಗೆ ಬಿಡಲು ಎರಡು ಎಳೆಗಳಷ್ಟೂ ಬಟ್ಟೆ ಇರುವುದಿಲ್ಲ. ಒಂದು ಪಕ್ಕದಿಂದ ಹತ್ತಿ ಇನ್ನೊಂದು ಪಕ್ಕ ಇಳಿದರೆ ಅಲ್ಲಿ ಸುಕ್ಕು ಖಂಡಿತ. ಆದ್ದರಿಂದ ಪ್ರತಿ ಪಕ್ಕವನ್ನೂ ಮೊನೆಯಿಂದಲೇ ಆರಂಭಿಸಿ ಕೆಳಕ್ಕೆ ಹೊಲಿದು ಗಂಟು ಹಾಕಿದೆ. ಆಮೇಲೆ ಮೊನೆಯ ಸುತ್ತ ಒಳಗಿನಿಂದ ಒತ್ತಾದ ಸಣ್ಣ ಟಾಕುಗಳನ್ನು ಹಾಕಿ ಭದ್ರಪಡಿಸಿದೆ. ಓರೆ ಅಂಚು ಕೈಯಲ್ಲಿ ಹಿಗ್ಗುವುದರಿಂದ, ಅದನ್ನು ಕೆಳಗಿಟ್ಟು ನೇರ ಅಂಚನ್ನು ಮೇಲಿಟ್ಟುಕೊಂಡು ಹೊಲಿಯುವುದು ಲೇಸು.

ಕೊರಳಿನ ರಂಧ್ರವನ್ನು ತಲೆ ತೂರುವುದಕ್ಕಿಂತ ಚಿಕ್ಕದಾಗಿ, ಮಡಿಕೆಯಿಂದ ತುಸು ಮುಂದಕ್ಕೆ ಕತ್ತರಿಸಿ, ಎದೆಯ ಮೇಲೊಂದು ಸೀಳು ಕೊಟ್ಟೆ.

ಎಲ್ಲ ಕೂಡಿಸಿದ ಮೇಲೆ ಅಂಗಿಯನ್ನು ಒಂದು ರಾತ್ರಿ ನೇತುಹಾಕಿದೆ. ಓರೆಯಾಗಿ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೇ ಇಳಿಯುವುದರಿಂದ ಕಲಿಗಳ ತುದಿ ಒಂದೆರಡು ಬೆರಳು ಕೆಳಗೆ ಬಂದಿರುತ್ತದೆ. ಅದನ್ನು ಸಮ ಮಾಡಿದ ನಂತರವೇ ಅಂಚು ಹೊಲಿಯಬೇಕು. ಯಂತ್ರದ ಅಭ್ಯಾಸದವರು ಅಂಚನ್ನು ಎರಡು ಬಾರಿ ಮಡಿಸುತ್ತಾರೆ. ತುಳಿದ ಉಣ್ಣೆಗೆ ಒಂದೇ ಮಡಿಕೆ ಸಾಕು; ಎರಡಾದರೆ ಘೇರು ಸೆಟೆದು ನಿಂತು, ನಡೆಯುವಾಗ ಮೊಣಕಾಲಿಗೆ ಬಡಿಯುತ್ತದೆ.