ಸೇವೆಯ ಮೂಲಕ ಕಲಿಯುವುದು ಹೇಗೆ?

ಸೇವೆ ಮಾಡಬೇಕೆಂದು ಹೊರಡುವವರು ಸಾಮಾನ್ಯವಾಗಿ ತಮಗೆ ಚೆನ್ನಾಗಿ ಬರುವ ಕೆಲಸವನ್ನೇ ಆರಿಸಿಕೊಳ್ಳುತ್ತಾರೆ. ಅದರಿಂದ ಇನ್ನೊಬ್ಬರಿಗೆ ಉಪಕಾರವಾಗುವುದು ನಿಜ. ಆದರೆ ಜೊತೆಯಲ್ಲಿ ನಾವೂ ಬೆಳೆಯಬೇಕೆಂಬ ಆಸೆಯಿದ್ದರೆ, ಅರ್ಧ ಬರುವ, ಉಳಿದರ್ಧವನ್ನು ಕಲಿಯದೆ ಮುಗಿಸಲಾಗದ ಕೆಲಸವನ್ನು ಆರಿಸಿಕೊಳ್ಳುವುದು ಮೇಲು. (ಪ್ರಥಮ ಚಿಕಿತ್ಸೆಯಂಥ, ಜೀವಕ್ಕೆ ಸಂಬಂಧಿಸಿದ ಕೆಲಸಗಳಿಗೆ ಈ ಮಾತು ಸಲ್ಲದು, ಅಲ್ಲಿ ತರಬೇತಿ ಮೊದಲು, ಸೇವೆ ಆಮೇಲೆ.)

ನನಗೆ ಇದು ಮನವರಿಕೆಯಾದದ್ದು ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೆಲಸದಲ್ಲಿ. ಓದಲು ಬರುತ್ತದೆ, ಕಂಠವೂ ಪರವಾಗಿಲ್ಲ, ಇನ್ನೇನು ಬೇಕು ಎಂದುಕೊಂಡೇ ಕುಳಿತಿದ್ದೆ. ರೇಖಾಗಣಿತದ ಪಾಠದಲ್ಲಿ ‘ಚಿತ್ರದಲ್ಲಿ ತೋರಿಸಿರುವಂತೆ’ ಎಂಬ ಮಾತು ಬಂದಾಗ ನಿಲ್ಲಬೇಕಾಯಿತು. ‘ತ್ರಿಭುಜದ ಮೇಲಿನ ಶೃಂಗದಿಂದ ಪಾದಕ್ಕೆ ಒಂದು ಲಂಬವನ್ನು ಎಳೆಯಲಾಗಿದೆ’ ಎಂದು ವಿವರಿಸಿದೆ. ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ಹುಡುಗಿ, ‘ಆ ಲಂಬ ಪಾದದ ನಡುಮಧ್ಯಕ್ಕೆ ಬೀಳುತ್ತದೆಯೇ, ಪಕ್ಕಕ್ಕೆ ಬೀಳುತ್ತದೆಯೇ?’ ಎಂದು ಕೇಳಿದಳು. ಚಿತ್ರ ನನ್ನ ಕಣ್ಣೆದುರಿಗೇ ಇತ್ತು. ಆದರೂ ನಾನು ಅದನ್ನು ನೋಡಿರಲಿಲ್ಲ. ಉಳಿದೆರಡು ಬಾಹುಗಳು ಸಮವಾಗಿದ್ದರೆ ಮಾತ್ರ ಲಂಬವು ಮಧ್ಯಕ್ಕೆ ಬೀಳುತ್ತದೆಂಬುದನ್ನೂ, ಪಾದದ ಮೇಲಿನ ಒಂದು ಕೋನ 90 ಡಿಗ್ರಿಗಿಂತ ಹೆಚ್ಚಾದರೆ ಅದು ತ್ರಿಭುಜದ ಹೊರಗೇ ಬೀಳುತ್ತದೆಂಬುದನ್ನೂ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ ಅದು ಅರ್ಥವಾದದ್ದು ಆ ಮಧ್ಯಾಹ್ನ. ಆ ಸಂತೋಷ ಇಂದಿಗೂ ಹಸಿಯಾಗಿದೆ.

ಆದ್ದರಿಂದ ಕೆಲಸಕ್ಕೆ ಕೈಹಾಕಿದ ಮೇಲೆ ಮೊದಲು ಮಾಡಬೇಕಾದದ್ದು, ನೆರವು ಪಡೆಯುವವರನ್ನೇ ಕೇಳುವುದು. ಅವರಿಗೆ ಏನು ಬೇಕೆಂಬುದನ್ನು ನಾವೇ ಊಹಿಸಿಕೊಂಡರೆ ಕೆಲಸವೂ ಕೆಡುತ್ತದೆ, ಕಲಿಕೆಯೂ ನಿಲ್ಲುತ್ತದೆ. ಬ್ರೈಲ್ ಲಿಪಿಯ ಕಥೆಯಲ್ಲಿ ಇದು ಸ್ಪಷ್ಟವಾಗಿದೆ. ಚಾರ್ಲ್ಸ್ ಬಾರ್ಬಿಯೆ ಎಂಬ ಕಣ್ಣುಳ್ಳವರು ರೂಪಿಸಿದ ಉಬ್ಬುಚುಕ್ಕೆಗಳ ಬರಹದಲ್ಲಿ ಒಂದೊಂದು ಸಂಕೇತಕ್ಕೆ 12 ಚುಕ್ಕೆಗಳವರೆಗೆ ಬೇಕಾಗುತ್ತಿದ್ದುದರಿಂದ, ಅಷ್ಟೂ ಒಮ್ಮೆಲೇ ಬೆರಳ ತುದಿಗೆ ಸಿಗುತ್ತಿರಲಿಲ್ಲ. ಅದನ್ನು ಬೆರಳಿನಿಂದಲೇ ಓದಬೇಕಾಗಿದ್ದ ಲೂಯಿ ಬ್ರೈಲ್, 1824ರ ಹೊತ್ತಿಗೆ, ತನ್ನ 15ನೆಯ ವಯಸ್ಸಿನಲ್ಲಿ, 6 ಚುಕ್ಕೆಗಳ ಪದ್ಧತಿಯನ್ನು ಸಿದ್ಧಪಡಿಸಿದ. ನೆರವು ಯಾರಿಗಾಗಿಯೋ ಅವರ ಬೆರಳಿಗೆ ಗೊತ್ತಿದ್ದದ್ದು ನೆರವಾದವರ ಕಣ್ಣಿಗೆ ಗೊತ್ತಿರಲಿಲ್ಲ.

ಎರಡನೆಯದಾಗಿ, ಒಂದು ಸಣ್ಣ ಪುಸ್ತಕವನ್ನು ಜೊತೆಯಲ್ಲಿ ಇಟ್ಟುಕೊಳ್ಳಿ. ಮಾಡಿದ ಉಪಕಾರದ ಲೆಕ್ಕ ಅದರಲ್ಲಿ ಬೇಡ. ಆ ದಿನ ಉತ್ತರಿಸಲಾಗದ ಒಂದು ಪ್ರಶ್ನೆಯನ್ನು ಬರೆದಿಡಿ. ‘ನನಗೆ ಗೊತ್ತಿಲ್ಲ, ತಿಳಿದುಕೊಂಡು ಬರುತ್ತೇನೆ’ ಎಂದು ಹೇಳಿ, ಮುಂದಿನ ಭೇಟಿಗೆ ತಪ್ಪದೆ ಉತ್ತರದೊಂದಿಗೆ ಹೋಗಿ. ನಮಗಾಗಿ ಓದುವಾಗ ಅರೆಬರೆ ತಿಳಿದದ್ದನ್ನು ದಾಟಿಬಿಡುತ್ತೇವೆ. ಇನ್ನೊಬ್ಬರಿಗೆ ಹೇಳಲೇಬೇಕೆಂದು ಓದುವಾಗ ಹಾಗೆ ದಾಟಲಾಗುವುದಿಲ್ಲ. ವಯಸ್ಕರಿಗೆ ಅಕ್ಷರ ಕಲಿಸುವವರಿಗೆ ಇಂಥ ಪ್ರಶ್ನೆಗಳು ದಂಡಿಯಾಗಿ ಸಿಗುತ್ತವೆ. ಅವರಿಗೆ ‘ಅ’ದಿಂದ ಆರಂಭಿಸುವುದಕ್ಕಿಂತ ಅವರ ಹೆಸರಿನ ಅಕ್ಷರಗಳಿಂದ ಆರಂಭಿಸುವುದು ಒಳ್ಳೆಯದು. ‘ವ’ಕ್ಕೂ ‘ಮ’ಕ್ಕೂ, ‘ಪ’ಕ್ಕೂ ‘ಷ’ಕ್ಕೂ ಇರುವ ಹೋಲಿಕೆಯನ್ನು ಅವರು ತೋರಿಸಿದಾಗ, ಜೀವಮಾನವೆಲ್ಲ ಬರೆದ ಲಿಪಿಯನ್ನು ನೀವು ಮೊದಲ ಬಾರಿಗೆ ಗಮನಿಸುತ್ತೀರಿ.

ಸಮಯದ ವಿಷಯದಲ್ಲಿ ಅತಿಯಾಸೆ ಬೇಡ. ವಾರಕ್ಕೆ ಎರಡು ಗಂಟೆ ಸಾಕು, ಆದರೆ ದಿನವೂ ವೇಳೆಯೂ ನಿಗದಿಯಾಗಿರಬೇಕು. ನಿಮ್ಮನ್ನು ನಂಬಿ ಕಾಯುವವರಿಗೆ ತಪ್ಪಿದ ಒಂದು ದಿನವೂ ದೊಡ್ಡದೇ. ಬೇಸರ ಬಂದಾಗ ಕೆಲಸವನ್ನು ಬಿಡುವ ಮೊದಲು ಪುಸ್ತಕವನ್ನು ತೆರೆದು ನೋಡಿ: ಮೂರು ತಿಂಗಳಿಂದ ಹೊಸ ಪ್ರಶ್ನೆಯೇ ಇಲ್ಲವೆಂದಾದರೆ, ನೀವು ಆ ಕೆಲಸವನ್ನು ಕಲಿತು ಮುಗಿಸಿದ್ದೀರಿ ಅಥವಾ ಕೇಳುವುದನ್ನು ನಿಲ್ಲಿಸಿದ್ದೀರಿ. ಎರಡನೆಯದೇ ಹೆಚ್ಚು ಸಂಭವ. ಒಂದು ದಿನ ಸುಮ್ಮನೆ ಪಕ್ಕದಲ್ಲಿ ಕುಳಿತು, ಅವರು ಎಲ್ಲಿ ತಡವರಿಸುತ್ತಾರೆಂಬುದನ್ನು ನೋಡಿ. ನಿಜವಾಗಿಯೂ ಕಲಿತು ಮುಗಿದಿದ್ದರೆ, ಹೊಸದಾಗಿ ಬಂದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಆ ಪುಸ್ತಕವನ್ನು ಅವರ ಕೈಗೆ ಕೊಡಿ.