ಚರಗದ ಬುತ್ತಿಗೆ ಅಲಸಂದಿ ಕಾಳು ಪಲ್ಯ

ಎಳ್ಳ ಅಮಾವಾಸ್ಯೆ ಹತ್ತಿರ ಬಂತು ಅಂದ್ರೆ ಗದಗ, ಅಣ್ಣಿಗೇರಿ, ನವಲಗುಂದದ ಕಡೆ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ. ಅವತ್ತು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡಿ, ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ಮೇಲೆ ಚರಗ ಚೆಲ್ಲುತ್ತೇವೆ. ಭೂಮಿತಾಯಿ ಉಂಡ ಮೇಲೇ ನಮ್ಮ ಊಟ. ಆಗ ಸುಗ್ಗಿ ಚೆನ್ನಾಗಿ ಬರುತ್ತದೆ ಅನ್ನೋದು ನಂಬಿಕೆ.

ಸಜ್ಜಿ ರೊಟ್ಟಿ, ಎಣಗಾಯಿ ಜೊತೆ ಬುತ್ತಿಯಲ್ಲಿ ಒಂದು ಕಾಳು ಪಲ್ಯ ಬೇಕೇ ಬೇಕು. ನಮ್ಮ ಮನೆಯಲ್ಲಿ ಅದು ಅಲಸಂದಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಜನವರಿ 1ಕ್ಕೆ, ವರ್ಷವೆಲ್ಲ ಒಳ್ಳೇದಾಗಲಿ ಅಂತ, ಕಪ್ಪು ಕಣ್ಣಿನ ಇದೇ ಕಾಳನ್ನು ಅನ್ನದ ಜೊತೆ ಬೇಯಿಸಿ ಉಣ್ಣುತ್ತಾರೆ.

ನಾಲ್ಕೈದು ಮಂದಿಗೆ 200 ಗ್ರಾಂ ಕಾಳು ಸಾಕು. ಹುಳುಕು ಆರಿಸಿ, ತೊಳೆದು, ರಾತ್ರಿಯೇ ನೆನೆ ಹಾಕಿ. ಬೆಳಿಗ್ಗೆ ಆ ನೀರು ಬಸಿದು, ಹೊಸ ನೀರಲ್ಲಿ ಕಾಳು ಮುಳುಗುವಷ್ಟೇ ಹಾಕಿ ಬೇಯಿಸಿ. ಅಲಸಂದಿ ಬೇಗ ಬೇಯುತ್ತದೆ, ಕುಕ್ಕರ್‌ನಲ್ಲಿ ಒಂದೇ ಸೀಟಿ ಸಾಕು. ನಾನಂತೂ ಪಾತ್ರೆಯಲ್ಲೇ ಬೇಯಿಸುತ್ತೇನೆ, ಯಾಕಂದ್ರೆ ಕಣ್ಣೆದುರಿಗೇ ಇರುತ್ತದೆ. ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಹಿಚುಕಿ ನೋಡಿ: ಸಿಪ್ಪೆ ಹಾಗೇ ಇದ್ದು ಒಳಗೆ ಬೆಣ್ಣೆಯ ಹಾಗೆ ನುರಿದರೆ ತಕ್ಷಣ ಇಳಿಸಿ. ಸಿಪ್ಪೆ ಬಿಚ್ಚಿಕೊಂಡಿತೋ, ಪಲ್ಯ ಮುದ್ದೆಯಾಗುತ್ತದೆ.

ಹುಣಸೆಹಣ್ಣನ್ನು ಮಾತ್ರ ಮೊದಲೇ ಹಾಕಬೇಡಿ. ಒಂದು ವರ್ಷ ಅವಸರದಲ್ಲಿ ಕಾಳಿನ ಜೊತೆಗೇ ಹಾಕಿಬಿಟ್ಟೆ, ಎಷ್ಟು ಕುದಿಸಿದರೂ ಕಾಳು ಮೆತ್ತಗಾಗಲಿಲ್ಲ, ಹೊಲಕ್ಕೆ ಹೊರಡೋದು ತಡವಾಗಿ ಬಹಳ ಬೇಜಾರಾಯಿತು. ಹುಳಿ ಬಿದ್ದರೆ ಕಾಳು ಬೇಯೋದು ನಿಧಾನ. ಬೋರಿನ ಗಡಸು ನೀರೂ ಹಾಗೇ, ಆದಷ್ಟು ಕುಡಿಯುವ ನೀರನ್ನೇ ಬಳಸಿ.

ಇನ್ನು ಗುರೆಳ್ಳು, ಅಂದ್ರೆ ಹುಚ್ಚೆಳ್ಳು. ಈ ಪಲ್ಯದ ಜೀವ ಇದು. ಎರಡು ಚಮಚ ಗುರೆಳ್ಳನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಚಟಪಟ ಸದ್ದು ಜೋರಾಗಿ, ಆಮೇಲೆ ಕಡಿಮೆಯಾಗುತ್ತಾ ಬಂದು, ಎಣ್ಣೆ ಬಿಟ್ಟ ಘಮ ಮೂಗಿಗೆ ಬಡಿದ ಕೂಡಲೇ ಕೆಳಗಿಳಿಸಿ, ಇಲ್ಲದಿದ್ದರೆ ಕಹಿ. ಆರಿದ ಮೇಲೆ ಕುಟ್ಟಿ. ಎರಡು ಚಮಚ ಹುರಿದ ಶೇಂಗಾ ಪುಡಿಯೂ ಬೇಕು.

ಒಗ್ಗರಣೆ ಗೊತ್ತಿರುವುದೇ ಅಲ್ವಾ: ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಅರಿಶಿನ. ಒಂದೂವರೆ ಚಮಚ ಬ್ಯಾಡಗಿ ಖಾರದ ಪುಡಿ ಹಾಕಿ, ಬಣ್ಣ ಕೆಂಪಗೆ ಬರುತ್ತದೆ, ಖಾರ ಜಾಸ್ತಿ ಆಗೋದಿಲ್ಲ. ಬಸಿದ ಕಾಳು ಸುರಿದು, ನಿಂಬೆಯ ಅರ್ಧದಷ್ಟು ಹುಣಸೆಹಣ್ಣಿನ ರಸ, ಒಂದು ಚೂರು ಬೆಲ್ಲ, ಉಪ್ಪು ಹಾಕಿ ಐದು ನಿಮಿಷ ಬಾಡಿಸಿ. ಕೊನೆಗೆ ಎರಡೂ ಪುಡಿ ಉದುರಿಸಿ. ಉಳಿದ ಪಸೆಯನ್ನು ಪುಡಿ ಹೀರಿಕೊಳ್ಳುತ್ತದೆ, ರೊಟ್ಟಿಯ ಮೇಲೆ ಇಟ್ಟರೂ ರಸ ಹರಿಯೋದಿಲ್ಲ.

ಬಿಸಿ ಇರುವಾಗ ಡಬ್ಬಿ ಮುಚ್ಚಬೇಡಿ, ಬೆವರಿ ಮಧ್ಯಾಹ್ನಕ್ಕೇ ಹಳಸುತ್ತದೆ. ಉಪ್ಪು ನೋಡಲಿಕ್ಕೂ ಬಾಯಿಗೆ ಹಾಕಬೇಡಿ, ಮೊದಲ ತುತ್ತು ಹೊಲದ್ದು. ಇಷ್ಟು ಕಾಳಿಗೆ ಒಂದು ಚಹಾ ಚಮಚ ಉಪ್ಪು ಸರಿಹೋಗುತ್ತದೆ.